ಮಾತಿಲ್ಲದವರ ಅಂಗಡಿ

"ಈ ಸೀರೆ ಎಷ್ಟೂ?"

ಕುಣಿಗಲ್ಲಿನಿಂದ ಬಂದಿದ್ದ ಹೆಂಗಸು ಲಕ್ಷ್ಮೀಕಾಂತನ ಕಿವಿಗೇ ಬಾಯಿಟ್ಟು ಕಿರುಚಿದಳು. ತಲೆ ಗುಂಯ್‌ಗುಟ್ಟಿತು. ಆದರೂ ಅವನು ರೆಪ್ಪೆ ಮಿಟುಕಿಸಲಿಲ್ಲ. ಸೀರೆಗೆ ಅಂಟಿಸಿದ್ದ ಬೆಲೆಯ ಚೀಟಿ ತೋರಿಸಿ ಮುಗುಳ್ನಕ್ಕ.

"ಎಷ್ಟು ಲಕ್ಷಣವಾಗವ್ನೆ, ಪಾಪ. ಹೋದ ಜನ್ಮದಲ್ಲಿ ಏನ್ ಮಾಡಿದ್ನೋ," ಎಂದಳು ಜೊತೆಗಿದ್ದವಳು.

ಇಬ್ಬರೂ ಚೌಕಾಸಿ ಮಾಡಲಿಲ್ಲ. ಆದರೆ ಪೊಟ್ಟಣವನ್ನು ಅವನ ಕೈಯಿಂದ ಈಸಿಕೊಳ್ಳಲೂ ಇಲ್ಲ. ಮೇಜಿನ ಮೇಲಿಡು ಎಂದು ಸನ್ನೆ ಮಾಡಿದರು. "ಮನೇಲಿ ಸೊಸೆ ಬಸುರಿ ಕಣೇ. ಇವ್ನ ಸೋಂಕು ಯಾಕ್ ಬೇಕು?" ಎಂದಳು ಸೀರೆ ಕೊಂಡವಳು.

ತುಮಕೂರಿನಲ್ಲಿ ಸದಾಶಿವಯ್ಯನವರ ಜವಳಿ ಅಂಗಡಿ ಹೆಸರಾಗಿದ್ದೇ ಹೀಗೆ. 'ಇಲ್ಲಿ ಕಿವಿ ಕೇಳದ, ಮಾತು ಬಾರದವರಿಗೆ ಕೆಲಸ ಕೊಡಲಾಗಿದೆ' ಎಂಬ ಬೋರ್ಡು ಬಾಗಿಲ ಮೇಲಿತ್ತು. ಹೋದ ವರ್ಷ, ಎರಡು ಸಾವಿರದ ಒಂದರಲ್ಲಿ, ಯಾವುದೋ ಸಂಘದವರು ಯಜಮಾನರಿಗೆ ಶಾಲು ಹೊದಿಸಿ ಹೋಗಿದ್ದರು.

ಲಕ್ಷ್ಮೀಕಾಂತನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಗುಬ್ಬಿಯವನು. ಬಿ.ಎ. ಮುಗಿಸಿ ಕೆಲಸಕ್ಕೆ ಅಲೆದಲೆದು ಸಾಕಾಗಿದ್ದ. ಬೋರ್ಡು ನೋಡಿದ, ಒಳಗೆ ಹೋದ, ಬಾಯಿ ತೆರೆಯದೆ ಕೈಯಾಡಿಸಿದ. ಕೆಲಸ ಸಿಕ್ಕಿತು. ಅಕ್ಕ ಮಂಗಳಗೌರಿಗೆ ಹುಟ್ಟಿನಿಂದ ಕಿವಿ ಕೇಳದು. ಕೈಯಲ್ಲಿ ಮಾತಾಡುವುದನ್ನು ಅವಳಿಂದಲೇ ಕಲಿತಿದ್ದ. ವಿಷಯ ತಿಳಿದಾಗ ಅಕ್ಕ ಮಾತು ಬಿಟ್ಟಳು. ಅಂದರೆ, ಒಂದು ವಾರ ಕೈಗಳನ್ನು ಸೆರಗಿನೊಳಗೇ ಇಟ್ಟುಕೊಂಡು ಓಡಾಡಿದಳು.

ಅವನಿಗೆ ಹೆದರಿಕೆಯಿದ್ದದ್ದು ಗಿರಾಕಿಗಳದ್ದಲ್ಲ, ಜೊತೆ ಕೆಲಸಗಾರರಾದ ತಿಮ್ಮೇಶ ಮತ್ತು ಸುಮನಾಳದ್ದು. ನಿಜವಾದ ಕಷ್ಟ ಉಂಡವರ ನಡುವೆ ಕಳ್ಳನಂತೆ ಕೂತಿದ್ದೇನೆ ಎಂದು ಕುಗ್ಗುತ್ತಿದ್ದ. ಅವರ ಸನ್ನೆ ಒಂದೂ ಅವನಿಗೆ ಅರ್ಥವಾಗುತ್ತಿರಲಿಲ್ಲ. ಬೇರೆ ಶಾಲೆಯಲ್ಲಿ ಕಲಿತಿರಬೇಕು ಎಂದುಕೊಂಡ. ಯಜಮಾನರು ಬೆನ್ನು ತಿರುಗಿಸಿಕೊಂಡು ಗೊಣಗಿದ್ದನ್ನೂ ತಿಮ್ಮೇಶ ಥಟ್ಟನೆ ತಂದುಕೊಡುತ್ತಿದ್ದ. ಕಿವಿ ಇಲ್ಲದವರ ಕಣ್ಣು ಎಷ್ಟು ಚುರುಕು ಎಂದು ಬೆರಗಾದ.

ಸುಮನಾ ಮದುವೆಯಾಗಿ ಹೆಬ್ಬೂರಿಗೆ ಹೋದಳು. ಜಾಗ ಖಾಲಿಯಾಯಿತು. ಮಂಗಳಗೌರಿ ಕೆಲಸ ಕೇಳಿಕೊಂಡು ಹತ್ತದ ಅಂಗಡಿಯಿರಲಿಲ್ಲ. ಎಲ್ಲರೂ ಕೈ ಮುಗಿದು ಕಳಿಸಿದ್ದರು. ಇಲ್ಲಾದರೂ ಅವಳಿಗೆ ನ್ಯಾಯ ಸಿಗಲಿ ಎಂದು ಲಕ್ಷ್ಮೀಕಾಂತ ಅಕ್ಕನನ್ನು ಕರೆತಂದು, ಕೈಸನ್ನೆಯಲ್ಲೇ ಯಜಮಾನರನ್ನು ಬೇಡಿಕೊಂಡ. ಸದಾಶಿವಯ್ಯ ಅವಳನ್ನು ನೋಡಿದರು. ಒಂದು ಹೊತ್ತು ಮಾಡಲಿ ಎಂದು ತಲೆಯಾಡಿಸಿದರು.

ಅವಳ ಕೆಲಸ ನೋಡಬೇಕಿತ್ತು. ಬಂದವಳ ಕೈಬಳೆ ನೋಡಿಯೇ ಅದಕ್ಕೊಪ್ಪುವ ಸೀರೆ ಎಳೆಯುತ್ತಿದ್ದಳು. ಬಿಚ್ಚಿದ ಸೀರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಡಿಕೆಯಾಗುತ್ತಿತ್ತು. ಒಬ್ಬ ಅಜ್ಜಿಯಂತೂ ಅವಳ ಗಲ್ಲ ಮುಟ್ಟಿ, ಒಂದರ ಬದಲು ಎರಡು ಸೀರೆ ಕೊಂಡು ಹೋದಳು. ಲಕ್ಷ್ಮೀಕಾಂತನ ಎದೆ ತುಂಬಿ ಬಂತು.

ಮಧ್ಯಾಹ್ನ ಗಿರಾಕಿಗಳು ಕರಗಿದರು. ಸದಾಶಿವಯ್ಯ ಷಟರನ್ನು ಅರ್ಧ ಎಳೆದು ಬಂದು, ದನಿ ತಗ್ಗಿಸಿದರು.

"ಬೇಜಾರ್ ಮಾಡ್ಕೋಬೇಡ ಕಣೋ ಲಕ್ಷ್ಮೀಕಾಂತ. ಇವ್ಳು ಬೇಡ."

"ಯಾಕೆ ಯಜಮಾನ್ರೇ?" ಬಾಯಿಂದ ಜಾರಿಬಿಟ್ಟಿತು. ಲಕ್ಷ್ಮೀಕಾಂತ ನಾಲಿಗೆ ಕಚ್ಚಿಕೊಂಡ.

ಯಜಮಾನರು ಹುಬ್ಬು ಕೂಡ ಏರಿಸಲಿಲ್ಲ. "ಇವ್ಳಿಗೆ ನಿಜವಾಗ್ಲೂ ಕಿವಿ ಕೇಳ್ಸಲ್ವಲ್ಲೋ! ಅಂಥೋರನ್ನ ಇಟ್ಕೊಂಡು ಅಂಗ್ಡಿ ನಡ್ಸಕ್ಕಾಗುತ್ತಾ?"

"ನನ್ ವಿಷಯ... ನಿಮ್ಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಕೆಲ್ಸಕ್ಕೆ ಇಟ್ಕೊಂತೀನೇನ್ಲಾ?"

ಮಂಗಳಗೌರಿ ಇಬ್ಬರ ಮುಖವನ್ನೂ ನೋಡಿ ನಕ್ಕಳು. ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೈಯಲ್ಲಿ ಕೇಳಿದಳು. ಲಕ್ಷ್ಮೀಕಾಂತ ಯಜಮಾನರತ್ತ ತಿರುಗಿದ.

"ಬೆಳಿಗ್ಗೆಯಿಂದ ಎಲ್ಲಾ ಅವ್ಳೇ ಮಾಡಿದ್ಲಲ್ಲ ಯಜಮಾನ್ರೇ..."

ಆಗ ಏಣಿಯ ಮೇಲಿಂದ ಮೂಗ ತಿಮ್ಮೇಶ ಸಿಡುಕಿದ: "ಏ ಬುಡಣ್ಣ, ಒಳಗಿಂದ ನಿಮ್ಮಕ್ಕನ್ನ ಕರ್ದೂ ಕರ್ದೂ ನನ್ ಗಂಟ್ಲೇ ಬಿದ್ದೋಯ್ತು!"