ಬೆಳಿಗ್ಗೆ ಆರರ ಸದ್ದು

ದಾವಣಗೆರೆಯ ಬಟ್ಟೆ ವ್ಯಾಪಾರಿ ಗುರುಶಾಂತಪ್ಪನವರು ಏಳು ದಿನದ ವಿಶ್ರಾಂತಿಗೆಂದು ಪಶ್ಚಿಮ ಘಟ್ಟದ ದಟ್ಟ ಕಾಡಿನೊಳಗಿನ ಐಷಾರಾಮಿ ವೆಲ್‌ನೆಸ್ ರೆಸಾರ್ಟ್‌ಗೆ ಬಂದಿದ್ದರು...

ಎಣ್ಣೆ ಮಸಾಜ್, ಗಿಡಮೂಲಿಕೆಯ ಹಬೆ, ಊಟಕ್ಕೆ ಮೊದಲು ಸೋರೆಕಾಯಿ ಜ್ಯೂಸ್. ಬಂದ ಕೂಡಲೇ ರೆಸಾರ್ಟಿನವರು ಫೋನನ್ನೂ ಇಸಿದುಕೊಂಡು ಲಾಕರ್‌ನಲ್ಲಿ ಇಟ್ಟುಬಿಟ್ಟಿದ್ದರು. ಮನಸ್ಸಿಗೆ ಶಾಂತಿ ಬೇಕಲ್ಲ!

ಮನೆಯಲ್ಲಿ ಹೆಂಡತಿ ಸರ್ವಮಂಗಳಮ್ಮ ಪಾರ್ಶ್ವವಾಯು ಹೊಡೆದು ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಮಾತು ನಿಂತಿತ್ತು. ನರ್ಸ್ ಎಷ್ಟು ಪುಸಲಾಯಿಸಿದರೂ ಎರಡೇ ಚಮಚ ಗಂಜಿ... ಆಮೇಲೆ ಮುಖ ತಿರುಗಿಸಿಬಿಡುತ್ತಿದ್ದರು.

"ಹೀಗೇ ಊಟ ಬಿಟ್ರೆ ಉಳಿಯೋದು ಕಷ್ಟ" ಎಂದು ಡಾಕ್ಟರು ಹೇಳಿದ್ದರು.

ಗುರುಶಾಂತಪ್ಪನವರು ಇಬ್ಬರು ನರ್ಸ್‌ಗಳನ್ನು ಇಟ್ಟಿದ್ದರು. ಆದರೆ ಆ ಕೋಣೆಯಲ್ಲಿ ಐದು ನಿಮಿಷ ಕೂರಲು ಅವರಿಂದ ಆಗುತ್ತಿರಲಿಲ್ಲ. ತಮ್ಮನ್ನೇ ಹಿಂಬಾಲಿಸುವ ಹೆಂಡತಿಯ ನೋಟ ತಡೆಯಲಾರದೆ ಎದ್ದು ಹೊರಟುಬಿಡುತ್ತಿದ್ದರು...

ಮೊದಲ ಬೆಳಿಗ್ಗೆ ಆರಕ್ಕೆ ಕಾಟೇಜಿನ ಮೇಲೆ ರೈಲು ಹಾದುಹೋದಂಥ ಸದ್ದು! ಭುಸ್... ಭುಸ್... ಭುಸ್...

ಅಂಗಳ ಗುಡಿಸುತ್ತಿದ್ದ ಜಾನಕಿಬಾಯಿಯ ಮೇಲೆ ಹರಿಹಾಯ್ದರು. "ಏನ್ರಮ್ಮಾ ಇದು? ನೆಮ್ಮದಿಗೆ ಅಂತ ಬಂದ್ರೆ ಇಲ್ಲೂ ಗಲಾಟೆ! ಅದೇನೋ ಅದನ್ನ ಓಡ್ಸಿ ಮೊದ್ಲು."

ಅದೇ ಕಾಡಿನಲ್ಲಿ ಹುಟ್ಟಿ ಬೆಳೆದ ಕುಣಬಿ ಹೆಂಗಸು ಆಕೆ. ಪೊರಕೆ ಬದಿಗಿಟ್ಟು ನಕ್ಕಳು. "ಮ್ಯಾಲ ನೋಡ್ರಿ ಸಾಹೇಬ್ರ..."

ಕತ್ತೆತ್ತಿ ನೋಡಿದರು. ತುದಿಯೇ ಕಾಣದಷ್ಟು ಎತ್ತರದ ಮರ. ಅದರ ಪೊಟರೆಯ ಬಾಯಿಗೆ ಮಣ್ಣು ಮೆತ್ತಿತ್ತು, ನಡುವೆ ಸಣ್ಣದೊಂದು ಸೀಳು. ಅದರ ಮುಂದೆ ಹಳದಿ ಕೊಕ್ಕಿನ, ತೋಳಿಗಿಂತಲೂ ಉದ್ದದ ಮಂಗಟ್ಟೆ ಹಕ್ಕಿ, ಹಾರ್ನ್‌ಬಿಲ್!

"ಆ ಸಪ್ಪಳ ಅದರ ರೆಕ್ಕಿದ್ರಿ. ಅದು ಗಂಡು. ಹೆಂಡ್ತಿ ಒಳಗ ಅದಾಳ. ತತ್ತಿ ಇಡಾಕ ಹೋಗಿ ಬಾಗಿಲಾ ಮುಚ್ಕೊಂಡಾಳ. ಗರಿ ಉದುರ್ಯಾವ, ಹಾರಾಕ ಬರಂಗಿಲ್ಲ. ಅಂವ ತಂದ್ರ ಊಟ... ಇಲ್ಲಾಂದ್ರ ಇಲ್ಲ."

ಹಕ್ಕಿ ಗಂಟಲಿನಿಂದ ಒಂದೊಂದೇ ಅತ್ತಿಹಣ್ಣು ತೆಗೆದು ಸೀಳಿನೊಳಗೆ ಕೊಡುತ್ತಿತ್ತು. ಒಳಗಿನಿಂದ ಕೊಕ್ಕಿನ ತುದಿ ಬಂದು ಮೆಲ್ಲಗೆ ತೆಗೆದುಕೊಳ್ಳುತ್ತಿತ್ತು. ಗುರುಶಾಂತಪ್ಪನವರು ಬಾಯಿ ಬಿಟ್ಟುಕೊಂಡು ನಿಂತೇ ಇದ್ದರು. ಮಸಾಜಿನ ಹೊತ್ತು ಮೀರಿದ್ದೂ ತಿಳಿಯಲಿಲ್ಲ.

ಮರುದಿನ ಐದೂವರೆಗೇ ಕುರ್ಚಿ ಹಾಕಿಕೊಂಡು ಕೂತಿದ್ದರು ನಮ್ಮ ಸಾಹುಕಾರರು!

"ಅಲ್ಲಮ್ಮಾ... ಬೇರೆ ಯಾವ್ದಾದ್ರೂ ಹಕ್ಕಿ ತಂದುಕೊಟ್ರೆ ತಿನ್ನಲ್ವಾ?"

"ಬ್ಯಾರೆದ್ದು ಬಂದ್ರ ಒಳಗ ಸರಕೊಂತಾಳ್ರಿ. ಅಂವನ ರೆಕ್ಕಿ ಸಪ್ಪಳ ಕೇಳಿದ್ರನ ಅಕಿ ಕೊಕ್ಕು ಹೊರಗ ಹಾಕೋದು."

ಅವರು ಕುರ್ಚಿಯನ್ನು ಮರದ ಹತ್ತಿರಕ್ಕೆ ಎಳೆದುಕೊಂಡರು.

ಮೂರನೆಯ ದಿನ ಬೆಳಗಾಗುವುದರೊಳಗೆ ಜೋರು ಮಳೆ. ಆರಾಯಿತು... ಏಳಾಯಿತು... ಒಂಬತ್ತಾಯಿತು. ಸದ್ದಿಲ್ಲ.

ಮ್ಯಾನೇಜರ್ ಕೊಡೆ ಹಿಡಿದು ಬಂದ. "ಸರ್, ನಿಮ್ಮ ಟ್ರೀಟ್‌ಮೆಂಟ್ ಟೈಮ್ ಆಯ್ತು..."

"ಸುಮ್ನಿರಪ್ಪಾ ನೀನು!"

ಓಡಿಸಿ ಎಂದಿದ್ದ ಮನುಷ್ಯ ಈಗ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ, ಅದು ಬರಲಿ ಎಂದು ಕೈಮುಗಿದು ನಿಂತಿದ್ದರು. ಸಪ್ಪಳ ಕೇಳದಿದ್ದರೂ ಹಸಿವು ತಾಳದೆ ಸೀಳಿನಿಂದ ಕೊಕ್ಕಿನ ತುದಿ ಹೊರಗೆ ಬಂತು. ಕಾದು ಕಾದು ಒಳಗೆ ಹೋಯಿತು. ಮತ್ತೆ ಬಂತು...

ಆಗ ಅವರಿಗೆ ಹೆಂಡತಿಯ ನೋಟ ನೆನಪಾಯಿತು. ಆ ಕಣ್ಣುಗಳು ದಿನವಿಡೀ ಬಾಗಿಲ ಕಡೆಗೇ ಇರುತ್ತಿದ್ದವು. ಅದು ನರ್ಸ್ ಬರಲಿ ಎಂದಲ್ಲ...

ಹನ್ನೊಂದರ ಹೊತ್ತಿಗೆ... ಭುಸ್... ಭುಸ್... ಭುಸ್!

ಕಾಡೇ ಉಸಿರಾಡಿದಂತಾಯಿತು. ಜಾನಕಿಬಾಯಿ ಚಪ್ಪಾಳೆ ತಟ್ಟಿದಳು. ಗುರುಶಾಂತಪ್ಪನವರು ಆ ಕೆಸರಿನಲ್ಲೇ ಕೂತು ಮಗುವಿನಂತೆ ಅತ್ತರು.

"ಲಾಕರ್ ತೆಗೀರಪ್ಪಾ... ನಾನು ಊರಿಗೆ ಹೋಗ್ಬೇಕು."

ಸಂಜೆ ಮನೆಯ ಪಡಸಾಲೆಯಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದ್ದೇ ತಡ, ಗಂಜಿ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದ್ದ ಸರ್ವಮಂಗಳಮ್ಮ ಕಷ್ಟಪಟ್ಟು ಇತ್ತ ತಿರುಗಿದರು.

ಗುರುಶಾಂತಪ್ಪನವರು ನರ್ಸ್ ಕೈಯಿಂದ ಬಟ್ಟಲು ತೆಗೆದುಕೊಂಡು ಪಕ್ಕದಲ್ಲಿ ಕೂತರು. "ಮಂಗಳಾ... ತಡ ಆಯ್ತು ಕಣೇ..."

ಒಂದು ಚಮಚ. ಎರಡು. ಮೂರು... ನರ್ಸ್ ಬೆರಗಾಗಿ ನೋಡುತ್ತಿದ್ದಳು.

ಬಟ್ಟಲು ಖಾಲಿಯಾಯಿತು. ಸರ್ವಮಂಗಳಮ್ಮ ಇನ್ನೂ ಬೇಕೆಂದು ಬಾಯಿ ತೆರೆದರು.

ಆರೈಕೆಗೆ ಯಾರಾದರೂ ಸಿಗುತ್ತಾರೆ... ಆದರೆ ನಮ್ಮವರು ಕಾಯುವುದು ನಮ್ಮ ಹೆಜ್ಜೆಯ ಸದ್ದಿಗೆ.

ಈ ಹೊತ್ತು ನಿಮಗಾಗಿ ಯಾರ ಕಣ್ಣು ಬಾಗಿಲ ಕಡೆಗಿದೆ?