ಒಂಬತ್ತನೆಯ ಕೋಟು

ಎಂಟು ಕೋಟು, ಎಂಟು ಬ್ಯಾಡ್ಜು ವಾಪಸು ಬಂದಿದ್ದವು. ಒಂಬತ್ತನೆಯದು ಚೌಡಪ್ಪನ ಮೈಮೇಲಿತ್ತು, ಚೌಡಪ್ಪ ಮಗ್ಗದಲ್ಲಿರಲಿಲ್ಲ. ರೇಷ್ಮೆ ಸೀರೆ ಅಂಗಡಿಯ ಸದಾಶಿವಪ್ಪನವರು ಅವನ ಮನೆ ಬಾಗಿಲಲ್ಲಿ ನಿಂತು, ಅರ್ಧ ನೇಯ್ದ ಸೀರೆಯನ್ನೂ ಖಾಲಿ ಮಗ್ಗದ ಗುಂಡಿಯನ್ನೂ ನೋಡಿ ಹಲ್ಲು ಕಡಿದರು.

"ಎಲ್ಲಿದ್ದಾನಮ್ಮ ನಿನ್ನ ಗಂಡ? ಮಗ್ಗ ಬಿಟ್ಟು ಎಲ್ಲಿಗೆ ಹೋದ?"

"ಕೋಳಿ ಕೂಗಕ್ ಮುಂಚೆನೇ ಮಧುವನಳ್ಳಿಗೆ ಓಗವ್ರೆ ಸಾವ್ಕಾರ್ರೆ." ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವನ ಹೆಂಡತಿ ಗಡಬಡಿಸಿ ಎದ್ದಳು. "ಸಂಗದ್ ಕೆಲ್ಸ ಅಂದ್ರು. ನೀವೇ ಏಳಿದ್ರಂತಲ್ಲ?"

ಸದಾಶಿವಪ್ಪನವರು ಹೇಳಿದ್ದು ಇಷ್ಟೇ: ಸಂಜೆ ಆರಕ್ಕೆ ಸ್ನಾನ ಮಾಡಿ ಬಾ, ಕೋಟು ಹಾಕಿಕೊಂಡು ಕೂತುಕೋ, ಪ್ರಮಾಣಕ್ಕೆ ಎಲ್ಲರೂ ಕೈ ಎತ್ತಿದಾಗ ಕೈ ಎತ್ತು, ಮೈಸೂರುಪಾಕು ತಿಂದು ಮನೆಗೆ ಹೋಗು. ಅವರು ಕಾರ್ಯದರ್ಶಿಯಾಗಿದ್ದ ಸೇವಾ ಸಂಘ ಮೂರು ವರ್ಷದಿಂದ ಇಪ್ಪತ್ತೊಂದು ಸದಸ್ಯರಲ್ಲೇ ಕುಂಟುತ್ತಿತ್ತು. ಮೂವತ್ತಾದರೆ ನಿಮಗೆ ಜಿಲ್ಲಾ ಪದವಿ ಎಂದು ಸಂಘದ ಹಿರಿಯರು ಮೈಸೂರಿನಿಂದ ಬರೆದಿದ್ದರು. ನೋಡಲು ತಾವೇ ಬರುವುದಾಗಿಯೂ ಬರೆದಿದ್ದರು. ಸದಾಶಿವಪ್ಪನವರು ಕೊಳ್ಳೇಗಾಲದ ಬೀದಿ ಬೀದಿ ಸುತ್ತಿದರು. ಡಾಕ್ಟರು ಪುರುಸೊತ್ತಿಲ್ಲ ಎಂದರು. ಬ್ಯಾಂಕಿನವರು ಮುಂದಿನ ವರ್ಷ ನೋಡೋಣ ಎಂದರು. ಅಕ್ಕಿ ಗಿರಣಿಯ ಯಜಮಾನರಂತೂ ಇವರ ತಲೆ ಕಂಡರೆ ಹಿತ್ತಲ ಬಾಗಿಲಿಂದ ಜಾರುತ್ತಿದ್ದರು.

ಕೊನೆಗೆ ಅವರಿಗೆ ಹೊಳೆದದ್ದು ತಮ್ಮ ಕೈಕೆಳಗಿನ ಒಂಬತ್ತು ಜನ ನೇಕಾರರು. ಮಡಿವಾಳರ ಮನೆಯಲ್ಲಿ ಇಸ್ತ್ರಿಯಾಗಿ ಕೂತಿದ್ದ ಯಾರ್ಯಾರದೋ ಕೋಟುಗಳನ್ನು ಒಂದು ದಿನದ ಮಟ್ಟಿಗೆ ತಂದು ತೊಡಿಸಿದರು. ಬ್ಯಾಡ್ಜುಗಳೂ ಪಕ್ಕದ ತಾಲ್ಲೂಕಿನ ಸ್ನೇಹಿತರಿಂದ ಎರವಲು. ಮೂವತ್ತು ತಲೆ ಕಂಡ ಹಿರಿಯರು, ಇಡೀ ಮೈಸೂರು ರಾಜ್ಯದಲ್ಲೇ ಇಷ್ಟು ಬೇಗ ಬೆಳೆದ ಸಂಘ ಇನ್ನೊಂದಿಲ್ಲ ಎಂದು ಸದಾಶಿವಪ್ಪನವರಿಗೆ ಹಾರ ಹಾಕಿದರು. ಅದು ನಿನ್ನೆ ಸಂಜೆಯ ಮಾತು. ಹಾರ ಇನ್ನೂ ಬಾಡಿರಲಿಲ್ಲ.

ಸದಾಶಿವಪ್ಪನವರು ಆ ಬಾಗಿಲಿಂದ ಹೊರಡಬೇಕೆನ್ನುವಾಗ ಬೀದಿಯ ತುದಿಯಲ್ಲಿ ಚೌಡಪ್ಪ ಕಾಣಿಸಿದ. ಕೋಟಿನ ತೋಳು ಬೆರಳುಗಳನ್ನೂ ಮುಚ್ಚಿತ್ತು, ಎದೆಯ ಮೇಲೆ ಬ್ಯಾಡ್ಜು ಹೊಳೆಯುತ್ತಿತ್ತು. ಅವನು ಹಿಡಿದಿದ್ದ ಕೋಲಿನ ಇನ್ನೊಂದು ತುದಿ ಹಿಡಿದು ಒಬ್ಬ ಮುದುಕಿ ತಡವರಿಸುತ್ತ ಬರುತ್ತಿದ್ದಳು.

"ನೀವೇ ಬಂದ್ಬುಟ್ರಾ ಸಾವ್ಕಾರ್ರೆ! ನಾನೇ ನಿಮ್ಮಂಗ್ಡಿಗೆ ಬತ್ತಿದ್ದೆ," ಎಂದ ಚೌಡಪ್ಪ ಮುಖವರಳಿಸಿ. "ಇವ್ರು ಚಿಕ್ಕನಿಂಗಮ್ಮ. ಮಧುವನಳ್ಳಿಯಿಂದ ನಮ್ ಬೀದಿಗೆ ಮಜ್ಗೆ ತತ್ತಿದ್ರು. ಎಲ್ಡ್ ಕಣ್ಗೂ ಪೊರೆ ಬಂದು ಒಂದ್ ವರ್ಸದಿಂದ ಮನೆ ಬುಟ್ ಈಚೆ ಬಂದಿಲ್ಲ. ನಮ್ ಸಂಗದೋರು ಮೈಸೂರ್ ಆಸ್ಪತ್ರೆಗೆ ತೋರುಸ್ತೀವಿ ಬಾ ಅಂತ ಏಳಿ ಕರ್ಕಬಂದೆ. ಸಂಗದಿಂದ ಒಂದ್ ಕಾಗ್ದ ಬರ್ಕೊಟ್ರೆ ಮಧ್ಯಾನ್ನದ್ ಬಸ್ಗೆ ಓಯ್ತೀವಿ ಸಾ."

ಸದಾಶಿವಪ್ಪನವರು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು. "ಲೋ ಚೌಡ, ಅದು ನಿನ್ನೆ ಒಂದು ಹೊತ್ತಿಗೆ ಕಣೋ. ಲೆಕ್ಕ ತುಂಬಲಿ ಅಂತ ಕೂರಿಸಿದ್ದು. ತೆಗಿ ಮೊದಲು. ಕೋಟು ಮಡಿವಾಳರಿಗೆ ಸೇರಬೇಕು. ಬ್ಯಾಡ್ಜು ಎರವಲು ತಂದದ್ದು, ವಾಪಸು ಕೊಡಬೇಕು."

ಚೌಡಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಟ್ಟೆಯ ಒಂದು ಎಳೆಯೂ ಕೀಳದ ಹಾಗೆ ಬ್ಯಾಡ್ಜಿನ ಪಿನ್ನು ಬಿಡಿಸಿದ. ಕೋಟನ್ನು ಕಳಚಿ, ಅಂಗಡಿಗೆ ಕೊಡುವ ಹೊಸ ಸೀರೆಯನ್ನು ಮಡಿಸುವಂತೆ ಮಡಿಸಿ ಅವರ ಕೈಗಿಟ್ಟ. ಒಳಗೆ ತೂತುಬಿದ್ದ ಬನಿಯನ್ನಿತ್ತು.

"ಕೋಟ್ ತಕಳಿ ಸಾ, ಬ್ಯಾಡ್ಜ್ ಬಿಲ್ಲೇನೂ ತಕಳಿ," ಎಂದ. "ಯಾರ್ ಕಷ್ಟ ಕಂಡ್ರೂ ನಂದೇ ಅನ್ಕತೀನಿ ಅಂತ ಅಷ್ಟ್ ಜನದ್ ಮುಂದೆ ಕೈ ಎತ್ಬುಟ್ಟಿವ್ನಿ. ಅದ್ನ ಯಾರ್ಗೆ ವಾಪಸ್ ಕೊಡ್ಲಿ?"

ಆ ಪ್ರಮಾಣವನ್ನು ಓದಿ ಹೇಳಿಸಿದವರು ಸದಾಶಿವಪ್ಪನವರೇ. ಮೂರು ವರ್ಷದಿಂದ ತಿಂಗಳಿಗೊಮ್ಮೆ ಓದಿದ್ದರೂ ಅದರಲ್ಲಿ ಏನಿದೆಯೆಂದು ಕಿವಿಗೆ ಬಿದ್ದದ್ದು ಈಗಲೇ. ನಾಚಿಕೆಯಿಂದ ಮುಖ ಕೆಂಪಾಯಿತು. ಬೀದಿಯಲ್ಲಿ ಮಗ್ಗಗಳ ಸದ್ದು ಒಂದೊಂದಾಗಿ ನಿಂತುಹೋಗಿತ್ತು. ನಿನ್ನೆ ಕೋಟು ತೊಟ್ಟಿದ್ದ ಉಳಿದ ಎಂಟು ಜನರೂ ಬಾಗಿಲುಗಳಲ್ಲಿ ನಿಂತಿದ್ದರು.

"ಸಂಗದ್ ಯಜಮಾನ್ರು ಇಲ್ಲೇ ಅವ್ರಾ ಮಗಾ?" ಎಂದಳು ಚಿಕ್ಕನಿಂಗಮ್ಮ.

"ನಿನ್ ಮುಂದ್ಲೇ ಅವ್ರೆ ಕಣವ್ವ."

ಮುದುಕಿ ಕೈ ಚಾಚಿದಳು. ಆ ಕೈ ಸದಾಶಿವಪ್ಪನವರ ತೋಳು ತಡವಿ, ಹೆಗಲು ತಡವಿ, ಎದೆಗೆ ಬಂದು ನಿಂತಿತು. ಅಲ್ಲಿ ಅವರ ಸ್ವಂತ ಬ್ಯಾಡ್ಜಿತ್ತು. ಸ್ನಾನಕ್ಕೆ ಹೋಗುವಾಗ ಬಿಟ್ಟರೆ ಅವರು ಅದನ್ನು ತೆಗೆಯುತ್ತಿರಲಿಲ್ಲ. ಒರಟು ಬೆರಳು ಅದರ ಅಂಚಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂತು.

"ಅಯ್ಯೋ, ನಿಮ್ಗೂ ಕೊಟ್ಟವ್ರಾ ಬುದ್ಧೀ," ಎಂದಳು ಕನಿಕರದಿಂದ. "ಇದ್ನ ಯಾವತ್ತು ವಾಪಸ್ ಕೊಡ್ಬೇಕು?"