ಭರಣಿಯ ತಳದ ಬೆಲ್ಲ

ಇವತ್ತು ಕಪಾಟು ಒರೆಸುವಾಗ ಅಜ್ಜಿಯ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದೆ. ಎಷ್ಟು ತೊಳೆದರೂ ಹೋಗದ ಇಂಗು, ಸಾಸಿವೆಯ ವಾಸನೆ ಮೂಗಿಗೆ ಬಡಿಯಿತು.

ಪರದೇಶದ ಹೌಗಾಂಗ್‌ನ ಶಾಲೆಯಲ್ಲಿ ನಾನಾಗ ಮೂರನೆಯ ತರಗತಿ. ಗ್ರೀಕ್ ದೇವತೆಗಳು ಪಂಡೋರಾ ಎಂಬ ಹೆಣ್ಣನ್ನು ಸೃಷ್ಟಿಸಿ, ಅವಳಿಗೊಂದು ಭರಣಿ ಕೊಟ್ಟ ಕಥೆಯನ್ನು ಪೋಷಕರ ಮುಂದೆ ಆಡಿ ತೋರಿಸಬೇಕಿತ್ತು. ಪಂಡೋರಾ ನಾನೇ. ಮುಚ್ಚಳ ತೆಗೆದು ರೋಗ, ಜಗಳ, ಹೊಟ್ಟೆಕಿಚ್ಚು ಎಂದು ಬರೆದ ಚೀಟಿಗಳನ್ನು ತೂರಬೇಕು. ಕೊನೆಗೆ ತಳದಲ್ಲಿ ಉಳಿಯುವ ‘ಭರವಸೆ’ಯ ಚೀಟಿಯನ್ನು ಎತ್ತಿ ತೋರಿಸಬೇಕು. ನಾಟಕಕ್ಕೆಂದು ಈ ಭಾರದ ಭರಣಿಯನ್ನು ಸೆರಗಿನಲ್ಲಿ ಅವುಚಿಕೊಂಡು ಅಜ್ಜಿಯೇ ಹೊತ್ತು ತಂದಿದ್ದಳು.

ತಳಕ್ಕೆ ಕೈ ಹಾಕಿದರೆ, ಸೆಕೆಗೆ ಕರಗಿದ ಬೆಲ್ಲದ ತುಂಡೊಂದು ಚೀಟಿಗೆ ಅಂಟಿಕೊಂಡೇ ಮೇಲೆ ಬಂತು. ಮಕ್ಕಳೆಲ್ಲ ನಕ್ಕರು. ಯಾರು ಹಾಕಿದ್ದು ಎಂದು ಟೀಚರ್ ಕೇಳಿದರು.

“ನಮ್ಮ ಹೆಲ್ಪರ್” ಎಂದೆ, ಬಾಗಿಲ ಬಳಿ ನಿಂತಿದ್ದ ಅಜ್ಜಿಯತ್ತ ಬೆಲ್ಲ ಮೆತ್ತಿದ ಬೆರಳು ತೋರಿಸಿ.

ನಮ್ಮ ಬ್ಲಾಕ್‌ನಲ್ಲಿ ಮನೆಗೆಲಸದವರಿಗೆ ಎಲ್ಲರೂ ಹಾಗೆನ್ನುತ್ತಿದ್ದರು. ಅಜ್ಜಿಗೆ ಗೊತ್ತಿದ್ದ ನಾಲ್ಕೈದು ಇಂಗ್ಲಿಷ್ ಪದಗಳಲ್ಲಿ ಅದೂ ಒಂದು.

ಮನೆಗೆ ಬರುವ ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು: “ಬರೇ ಭರಣಿ ಯಾರಿಗೂ ಕೊಡಬಾರ್ದವಾ, ಅದಕ್ಕ ಹಾಕಿದ್ದೆ.”

ಸಂಜೆ ಆಫೀಸಿನಿಂದ ಬಂದ ಅಮ್ಮ, “ನಾಟಕ ಹೆಂಗಾತು?” ಎಂದಳು. ಭರಣಿ ತೊಳೆಯುತ್ತಿದ್ದ ಅಜ್ಜಿ ತಿರುಗಿ ನೋಡದೆಯೇ ಹೇಳಿದಳು:

“ಭಾಳ ಛಲೋ ಮಾಡಿದ್ಲು. ಎಲ್ಲಾರ ಮುಂದ ನನ್ನೂ ತೋರಿಸಿದ್ಲು.”